ಗಾಡಿಯೊಳಗೆ ಹೂಡಿದ ಒಲೆ

ಒಂದೇ ಕಡೆ ಕೂರುವುದು ನನಗೆ ಆಗಿಬರುವುದಿಲ್ಲ. ಹುಟ್ಟುಗುಣ. ಕಾಖಂಡಕಿಯಲ್ಲಿ ನಮ್ಮವ್ವ ‘ಈಕೀ ಕಾಲಾಗ ಚಕ್ರ ಅದಾವು’ ಎಂದು ಕಂಡಕಂಡವರ ಮುಂದೆಲ್ಲ ಹೇಳುತ್ತಿದ್ದಳು. ಹೆಣ್ಣು ನೋಡಲು ಬಂದವರ ಮುಂದೆ ಮಾತ್ರ ಆ ಮಾತು ಆಡಲಿಲ್ಲ. ಹಾಗಾಗಿ ಆಗಿನ ಬಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಬೆಲ್ಲ ಬೇಳೆಯ ವ್ಯಾಪಾರದ ಒಂದು ತುಂಬಿದ ಮನೆಗೆ ನಾನು ಸಣ್ಣ ಸೊಸೆಯಾಗಿ ಬಂದೆ.

ಮನೆಯಲ್ಲಿ ಅತ್ತೆ, ಭಾವ, ಅವರ ಹೆಂಡತಿ ಅಂದರೆ ನನ್ನ ನೆಗೆಣ್ಣಿ, ನನ್ನ ಗಂಡ, ಇಬ್ಬರ ಮಕ್ಕಳು. ಕೆಟ್ಟವರು ಯಾರೂ ಇರಲಿಲ್ಲ. ಅದೇ ನನ್ನ ತೊಂದರೆ. ಕೆಟ್ಟವರಿದ್ದರೆ ಜಗಳವಾದರೂ ಆಡಬಹುದಿತ್ತು. ನನಗೆ ಎರಡೇ ದಾರಿ ಗೊತ್ತಿದ್ದವು. ಒಂದು ನಮ್ಮ ಹೊಲವಿದ್ದ ತಿಕೋಟಾಕ್ಕೆ, ಇನ್ನೊಂದು ಬಬಲೇಶ್ವರದ ಮೇಲೆ ಹಾಯ್ದು ತವರಿಗೆ. ರಾಶಿಗೆ ಹೊಲ, ಪಂಚಮಿಗೆ ತವರು. ಉಳಿದ ದಾರಿಗಳೆಲ್ಲ ಬೇರೆಯವರಿಗಾಗಿ ಮಾಡಿದ್ದವು. ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದಾಗ ಸೊಲ್ಲಾಪುರ ರಸ್ತೆಯ ಲಾರಿಗಳ ಹಾರ್ನು ಕೇಳುತ್ತಿತ್ತು. ಹಿಂಡಿದ ಸೀರೆಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಡುತ್ತಿದ್ದೆ, ನೀರು ಪಾದದ ಮೇಲೆ ಸುರಿಯುತ್ತಿರುತ್ತಿತ್ತು.

ನಾವು ಎಲ್ಲಿಗೂ ಹೋಗದಿರಲು ಕಾರಣ ಅತ್ತೆ. ಅವರು ಜಳಕ ಮಾಡಿ, ಲಿಂಗಪೂಜೆ ಮುಗಿಸದೆ ಗುಟುಕು ನೀರು ಮುಟ್ಟುತ್ತಿರಲಿಲ್ಲ. ಉಣ್ಣುವುದು ಮನೆಯ ಹೆಣ್ಣುಮಕ್ಕಳು ಮನೆಯ ಒಲೆಯ ಮೇಲೆ ಬೇಯಿಸಿದ್ದನ್ನು ಮಾತ್ರ. ಹೋಟೆಲಿನ ಚಹಾ ಹಾಗಿರಲಿ, ಬೀಗರ ಮನೆಯ ಪಾನಕ ಕೂಡ ಇಲ್ಲ. ಸೀಮೆಎಣ್ಣೆಯ ಸ್ಟೋ ಮೇಲೆ ಹಾಲು ಕಾಯಿಸಿದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವರು ಒಂದು ರಾತ್ರಿ ಹೊರಗಿದ್ದರೆ ಉಪವಾಸವೇ ಗತಿ. ತಾಯಿಯನ್ನು ಬಿಟ್ಟು ಭಾವ ಊರು ದಾಟುವವರಲ್ಲ. ಅಣ್ಣನನ್ನು ಬಿಟ್ಟು ನನ್ನ ಗಂಡ ಓಣಿ ದಾಟುವವನಲ್ಲ. ಗಂಡನನ್ನು ಬಿಟ್ಟು ನಾನು ಎಲ್ಲಿಗೆ ಹೋಗಲಿ?

ನನಗೆ ಸಮುದ್ರ ನೋಡಬೇಕಿತ್ತು. ಕಾರವಾರದಲ್ಲಿ ಇದೆಯೆಂದು ಸಾಲಿಯಲ್ಲಿ ಓದಿದ್ದೆ. ಅದರಲ್ಲಿ ದೊಡ್ಡ ಕಾರಣವೇನೂ ಇಲ್ಲ. ನಮ್ಮ ಕಡೆ ಎತ್ತ ನೋಡಿದರೂ ಕರಿಮಣ್ಣು, ಅಷ್ಟೊಂದು ನೀರು ಒಂದೇ ಕಡೆ ಹೇಗಿರುತ್ತದೆ ಎಂಬ ಆಸೆ. ಮಕ್ಕಳಿಗೆ ಅದರ ಕತೆ ಹೇಳಿ ಹೇಳಿ ಅವರ ತಲೆಯನ್ನೂ ಕೆಡಿಸಿದೆ. ಅವು ಹೋಗಿ ಅಜ್ಜಿಯನ್ನು ಕಾಡಿದವು. ‘ಖರೇನ ಉಪ್ಪು ಇರತೈತೇನು ಆ ನೀರು?’ ಎಂದು ಅತ್ತೆ ಒಂದು ದಿನ ನನ್ನನ್ನೇ ಕೇಳಿದರು. ಅವರಿಗೂ ಒಳಗೊಳಗೇ ನೋಡುವ ಆಸೆ ಇತ್ತೆಂದು ಆಗ ತಿಳಿಯಿತು.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಾ ನೆಗೆಣ್ಣಿಯ ಮುಂದೆ ಸಿಟ್ಟಿನಿಂದ ಅಂದೆ: ಅತ್ತೆ ಮನೆ ಬಿಟ್ಟು ಬರುವುದಿಲ್ಲ ಎಂದರೆ ಮನೆಯನ್ನೇ ಎತ್ತಿಕೊಂಡು ಹೋಗೋಣ. ಒಂದು ಮೋಟಾರು ಕೊಂಡು ಅದರೊಳಗೇ ಒಲೆ, ಅದರೊಳಗೇ ನೀರು, ಅದರೊಳಗೇ ಪೂಜೆ. ನೆಗೆಣ್ಣಿ ಬಿದ್ದು ಬಿದ್ದು ನಕ್ಕಳು. ಪಡಸಾಲೆಯಲ್ಲಿ ಉಣ್ಣುತ್ತಿದ್ದ ಭಾವ ಮಾತ್ರ ನಗಲಿಲ್ಲ. ಅವರಿಗೆ ಮೋಟಾರಿನ ಹುಚ್ಚು. ಅಂಗಡಿಯ ಮುಂದೆ ಯಾವ ಗಾಡಿ ನಿಂತರೂ ತಕ್ಕಡಿ ಬಿಟ್ಟು ಎದ್ದು ಹೋಗಿ ಅದರ ಮೂತಿ ಸವರುತ್ತಿದ್ದರು. ನನ್ನ ಮಾತನ್ನು ಅವರು ಕೈತೊಳೆಯುವ ಹೊತ್ತಿಗೆ ತಮ್ಮದೇ ವಿಚಾರ ಮಾಡಿಕೊಂಡಿದ್ದರು. ನಾನೂ ಬಿಟ್ಟುಕೊಟ್ಟೆ. ವಿಚಾರ ಯಾರದಾದರೇನು, ಗಾಡಿ ಬಂದರೆ ಸಾಕಿತ್ತು.

ಗಾಡಿ ಹುಡುಕುವುದು ಶುರುವಾಯಿತು. ಸೊಲ್ಲಾಪುರ ರಸ್ತೆಯಲ್ಲಿ ಹಳೇ ಮೋಟಾರುಗಳನ್ನು ರಿಪೇರಿ ಮಾಡಿ ಮಾರುವ ಒಬ್ಬ ಮಿಸ್ತ್ರಿ ಇದ್ದ. ಅಣ್ಣತಮ್ಮಂದಿರು ಅಂಗಡಿ ಮುಚ್ಚಿದ ಕೂಡಲೇ ಅಲ್ಲಿಗೆ ಓಡುತ್ತಿದ್ದರು, ಬಂದಮೇಲೆ ಎಂಜಿನ್ನು, ಗೇರು ಎಂದು ನಮಗೆ ತಿಳಿಯದ್ದನ್ನೆಲ್ಲ ಮಾತಾಡುತ್ತಿದ್ದರು. ಅತ್ತೆ ಕೇಳುವಷ್ಟು ಕೇಳಿ, ‘ಮನಿ ಕೊಳ್ಳೂ ಮುಂದ ಹೆಣ್ಮಕ್ಕಳು ನೋಡಬೇಕು’ ಎಂದುಬಿಟ್ಟರು. ಹೀಗೆ ನಾವು ಮೂವರು ಹೆಂಗಸರು ಟಾಂಗಾ ಹತ್ತಿ ಸೊಲ್ಲಾಪುರ ರಸ್ತೆಗೆ ಮೋಟಾರು ಆರಿಸಲು ಹೋದೆವು. ಆ ಓಣಿಯಲ್ಲಿ ಇದ್ದವರು ಇನ್ನೂ ನೆನೆಸಿ ನಗುತ್ತಿರಬೇಕು.

ಮೊದಲು ತೋರಿಸಿದ್ದು ಯಾವುದೋ ದವಾಖಾನೆಯ ಹಳೇ ಗಾಡಿ. ಉದ್ದಕ್ಕೆ ಮಲಗಲು ಜಾಗವಿತ್ತು, ಭಾವನಿಗೆ ಬಹಳ ಹಿಡಿಸಿತ್ತು. ಅತ್ತೆ ಒಳಗೆ ಇಣುಕಿ, ಇದರಲ್ಲಿ ಎಷ್ಟು ಮಂದಿ ಜೀವ ಬಿಟ್ಟಿದ್ದಾರೆ ಎಂದು ಕೇಳಿದರು. ಮಿಸ್ತ್ರಿ ಪಾಪ ಸುಳ್ಳು ಹೇಳಲು ಬಾರದವನು, ತಲೆ ಕೆರೆದುಕೊಂಡ. ಅಲ್ಲಿಗೆ ಆ ಗಾಡಿಯ ಮಾತು ಮುಗಿಯಿತು. ಎರಡನೆಯದು ಲಾರಿ. ಅದಕ್ಕೆ ಅತ್ತೆಯನ್ನು ಹತ್ತಿಸಬೇಕಾದರೆ ಏಣಿ ಬೇಕಿತ್ತು. ಇನ್ನೊಂದಕ್ಕೆ ಕಿಟಕಿಯೇ ಇರಲಿಲ್ಲ. ಅದು ಬೇಡವೇ ಬೇಡ ಎಂದು ನಾನೇ ಅಂದೆ. ಹೊರಗೆ ಕಾಣದಿದ್ದರೆ ಅಡಿಗೆಮನೆಯಲ್ಲೇ ಕೂರಬಹುದಲ್ಲ, ಸಮುದ್ರದ ತನಕ ಏಕೆ ಹೋಗಬೇಕು?

ಕೊನೆಗೆ ಆವಾರದ ಮೂಲೆಯಲ್ಲಿ ಬೇವಿನ ಗಿಡದ ಕೆಳಗೆ ನಿಂತದ್ದು ಸಿಕ್ಕಿತು. ಹಳ್ಳಿ ಹಳ್ಳಿ ತಿರುಗಿ ಹಲ್ಲುಪುಡಿ ಮಾರುತ್ತಿದ್ದ ಯಾವುದೋ ಕಂಪನಿಯ ಪ್ರಚಾರದ ಗಾಡಿ. ಪಕ್ಕದಲ್ಲಿ ಮೇಲೆತ್ತುವ ದೊಡ್ಡ ಕಿಟಕಿ, ಒಳಗೆ ಗೋಡೆಗೆ ಸಣ್ಣ ಸಣ್ಣ ಖಾನೆ, ಹಿಂದೆ ಹತ್ತಲು ಎರಡು ಮೆಟ್ಟಿಲು. ಹೊರಗೆ ಹಲ್ಲು ಕಿಸಿದ ಒಬ್ಬ ಮನುಷ್ಯನ ಚಿತ್ರ ಅರ್ಧ ಅಳಿಸಿತ್ತು. ಒಳಗೆ ಕಾಲಿಟ್ಟರೆ ಲವಂಗ, ಕರ್ಪೂರದ ವಾಸನೆ. ನೆಗೆಣ್ಣಿ ಖಾನೆಗಳನ್ನು ನೋಡಿ ಜೀರಿಗೆ ಇಲ್ಲಿ, ಸಾಸಿವೆ ಇಲ್ಲಿ ಎಂದು ಆಗಲೇ ಹಂಚತೊಡಗಿದಳು. ನಾನು ಕಿಟಕಿ ಎತ್ತಿ ನಿಲ್ಲಿಸಿದೆ. ಹೊರಗೆ ಕಂಡದ್ದು ಹರಿದ ಟಾಯರುಗಳ ರಾಶಿ ಮಾತ್ರ, ಆದರೂ ನನಗೆ ಕಿಟಕಿ ಇಳಿಸಲು ಮನಸ್ಸಾಗಲಿಲ್ಲ.

ಅತ್ತೆ ನೆಲದ ಮೇಲೆ ಪದ್ಮಾಸನ ಹಾಕಿ ಕೂತು, ಇಲ್ಲಿ ಕೂತರೆ ಮುಖ ಯಾವ ದಿಕ್ಕಿಗೆ ಎಂದರು. ತೆಂಕಣಕ್ಕೆ ಇತ್ತು. ಅದು ಸರಿಯಲ್ಲ, ಪೂರ್ವಕ್ಕೆ ಆಗಬೇಕು. ಮಿಸ್ತ್ರಿ ನಗು ನುಂಗಿಕೊಂಡು, ‘ಅಮ್ಮಾರ, ಇದು ಗಾಡಿ ಐತ್ರಿ. ತಿರುಗಿಸಿದ ಕಡೆ ತಿರುಗತೈತಿ’ ಎಂದ. ‘ತಿರುಗಲೆಪಾ, ಪೂಜಿ ಮಾಡೂ ಮುಂದ ತಿರುಗದಿದ್ರ ಸಾಕು’ ಎಂದರು ಅತ್ತೆ. ಅವನು ನಾಲ್ಕು ಜನರನ್ನು ಕರೆದು ಗಾಡಿ ನೂಕಿಸಿ, ಅವರ ಮುಖ ಪೂರ್ವಕ್ಕೆ ಆಗುವ ತನಕ ತಿರುಗಿಸಿದ. ಅತ್ತೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತು, ಆಗಬಹುದು ಎಂದರು. ದರದ ಮಾತು ಗಂಡಸರು ನೋಡಿಕೊಂಡರು.

ಗಾಡಿ ಮನೆಗೆ ಬಂದ ಮೇಲೆ ನನಗೆ ನಿದ್ದೆಯೂ ಬರಲಿಲ್ಲ, ಕೆಲಸದಲ್ಲಿ ಕೈಯೂ ನಿಲ್ಲಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದೆ. ನೀರಿಗೆ ಪೀಪಾಯಿ ಇಡಿಸಿದ್ದಾಯಿತು, ಮಲಗಲು ಹಲಗೆ ಹಾಕಿಸಿದ್ದಾಯಿತು. ಉಳಿದದ್ದು ಒಲೆ. ಸ್ಟೋ ಅತ್ತೆಗೆ ನಡೆಯುವುದಿಲ್ಲ, ಮಣ್ಣಿನ ಒಲೆಯೇ ಆಗಬೇಕು. ಗಾಡಿಯ ಹಿಂಬದಿಗೆ ತಗಡು ಹಾಸಿ, ಮೇಲೆ ಇಟ್ಟಂಗಿ ಜೋಡಿಸಿಕೊಟ್ಟ ಮಿಸ್ತ್ರಿ, ಗಾಡಿ ನಿಂತಾಗ ಮಾತ್ರ ಉರಿ ಹಚ್ಚಬೇಕೆಂದು ಹತ್ತು ಸಲ ಹೇಳಿದ. ಒಲೆ ಹೂಡುವುದು ಹೆಂಗಸರ ಕೆಲಸ, ನನಗೆ ಅದು ಚೆನ್ನಾಗಿ ಬರುತ್ತಿತ್ತು. ಒಳ್ಳೆಯ ಮಣ್ಣು ಬೇಕೆಂದು, ಗಾಡಿ ಓಡಿಸಿ ನೋಡಿದ ಹಾಗೂ ಆಯಿತೆಂದು ನಾನು, ನನ್ನ ಗಂಡ, ಮಕ್ಕಳು ತಿಕೋಟಾಕ್ಕೆ ಹೋದೆವು.

ಊರೊಳಗೆ ಗಾಡಿ ಹೋಗುತ್ತಲೇ ಹುಡುಗರ ಹಿಂಡು ಹಿಂದೆ ಓಡಿಬಂತು. ಹೊರಗಿನ ಆ ಹಲ್ಲಿನ ಚಿತ್ರ ಕಂಡು, ಪುಕ್ಕಟೆ ಹಲ್ಲುಪುಡಿ ಕೊಡಲು ಬಂದಿದ್ದೇವೆ ಎಂದು ಅವರ ತಿಳುವಳಿಕೆ. ಮುದುಕರೂ ಕೈಚಾಚಿ ನಿಂತರು. ನನ್ನ ಗಂಡನಿಗೆ ನಾಚಿಕೆ, ನನಗೆ ನಗು. ನಾನು ಹೊಲಕ್ಕೆ ಹೋಗಿ ಬದುವಿನ ಹುತ್ತದ ಮಣ್ಣನ್ನು ಬುಟ್ಟಿಗೆ ತುಂಬಿದೆ. ಏತಕ್ಕೆ ಎಂದು ಪಕ್ಕದ ಹೊಲದ ಹಿರಿಯರೊಬ್ಬರು ಕೇಳಿದರು. ‘ಒಲಿ ಹೂಡಾಕ್ರಿ’ ಎಂದೆ. ಅವರು ನನ್ನನ್ನು, ಬುಟ್ಟಿಯನ್ನು, ರಸ್ತೆಯಲ್ಲಿ ನಿಂತ ಗಾಡಿಯನ್ನು ನೋಡಿ, ಊರ ಕಡೆ ನಡೆದರು.

ಮನೆಗೆ ಬಂದು ಮಣ್ಣಿಗೆ ಜೋಳದ ಹೊಟ್ಟು ಕಲಸಿ, ತುಳಿದು, ಗಾಡಿಯೊಳಗೆ ಒಲೆ ಹೂಡಿದೆ. ಆರಿದ ಮೇಲೆ ಸಾರಿಸಿ, ಅರಿಶಿನ ಕುಂಕುಮ ಹಚ್ಚಿ, ಅಭ್ಯಾಸಬಲದಿಂದ ಹಾಲು ಉಕ್ಕಿಸಿದೆ. ಹೊಸ ಒಲೆಗೆ ಹಾಲು ಉಕ್ಕಿಸುವುದು ನಮ್ಮಲ್ಲಿ ಇದ್ದದ್ದೇ. ಅಂಗಡಿಗೆ ಹೊರಟಿದ್ದ ಭಾವ ಅದನ್ನು ಕಂಡು ಒಂದು ಕ್ಷಣ ನಿಂತು ಹೋದರು. ನಾನು ಅದಕ್ಕೇನೂ ಅರ್ಥ ಹಚ್ಚಲಿಲ್ಲ, ಹಚ್ಚಬೇಕಿತ್ತು.

ಮೂರ್ನಾಲ್ಕು ದಿನ ಬಿಟ್ಟು ತಿಕೋಟಾದಿಂದ ಹಿರಿಯರು ಬಂದರು. ಯಾರೂ ಕರೆದಿರಲಿಲ್ಲ. ತಲೆಗೆ ಪಟಗ ಸುತ್ತಿಕೊಂಡು, ಹೆಗಲ ಮೇಲೆ ಮಡಿಸಿದ ವಲ್ಲಿ ಹಾಕಿಕೊಂಡು ಪಡಸಾಲೆಯಲ್ಲಿ ಸಾಲಾಗಿ ಕೂತು ಚಹಾ ಕುಡಿದರು. ಆಮೇಲೆ ಅವರಲ್ಲಿ ದೊಡ್ಡವರು ಬಹಳ ಮೆತ್ತಗೆ, ಮನೆತನ ದೊಡ್ಡದು, ಆದದ್ದು ಆಯಿತು, ಕೋರ್ಟು ಕಚೇರಿ ಹತ್ತುವುದು ಬೇಡ, ಕೆರೆಯ ಹತ್ತಿರದ ಹೊಲ ಯಾರಿಗೆ, ಮಡ್ಡಿಯ ಬರಡು ಹೊಲ ಯಾರಿಗೆ ಎಂದು ನಮ್ಮೆದುರೇ ಮುಗಿಸಿಬಿಡಿ ಎಂದರು. ನನ್ನ ಗಂಡ ಬಾಯಿ ತೆರೆದು ಕೂತ. ಭಾವ ನೆಲ ನೋಡುತ್ತಿದ್ದರು.

ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಆಗ ತಿಳಿಯಿತು. ನಮ್ಮ ಕಡೆ ಸಣ್ಣ ಸೊಸೆ ಬೇರೆ ಒಲೆ ಹೂಡಿದಳು ಎಂದರೆ ಸಣ್ಣ ಮಗ ಪಾಲು ಕೇಳಿದ ಎಂದೇ ಅರ್ಥ. ಬಾಯಿಬಿಟ್ಟು ಕೇಳುವುದು ಆಮೇಲೆ, ಮೊದಲು ಒಲೆ. ಕೂಸಿಗೂ ಗೊತ್ತಿರುವ ಸಂಗತಿ, ನನಗೂ ಗೊತ್ತಿತ್ತು. ಆದರೆ ಮೋಟಾರಿನೊಳಗಿನ ಒಲೆಯನ್ನು ಯಾರಾದರೂ ಒಲೆಯೆಂದು ಎಣಿಸುತ್ತಾರೆ ಎಂದು ನನ್ನ ತಲೆಗೆ ಹೊಳೆದಿರಲಿಲ್ಲ. ಹೊಲದ ಮಣ್ಣು ತಂದು, ಹಾಲು ಉಕ್ಕಿಸಿ, ಬೇಕಾದ ಶಾಸ್ತ್ರವನ್ನೆಲ್ಲ ನಾನೇ ಪೂರೈಸಿದ್ದೆ.

ಹಿರಿಯರಿಗೆ ಅತ್ತೆಯೇ ಉತ್ತರ ಕೊಟ್ಟರು. ಅದು ತಮ್ಮ ಪೂಜೆ, ಊಟಕ್ಕೆ ಹೂಡಿದ ಒಲೆಯೆಂದು ಅವರು ತಿಳಿಸಿ ಹೇಳಿದಾಗ ಹಿರಿಯರು ಹೌದು ಹೌದು ಎಂದರು, ಆದರೆ ಬಸ್ಸು ಹತ್ತುವಾಗಲೂ ನಂಬಿರಲಿಲ್ಲ. ಭಾವನೂ ನಂಬಲಿಲ್ಲ. ಅಂದಿನಿಂದ ತಮ್ಮನ ಜೊತೆ ಪಂಕ್ತಿಗೆ ಕೂರುವುದನ್ನು ಬಿಟ್ಟರು. ಅಂಗಡಿಯಿಂದ ತಡವಾಗಿ ಬಂದು ಒಬ್ಬರೇ ಉಣ್ಣುತ್ತಿದ್ದರು. ಚಿಕ್ಕಂದಿನಿಂದ ಅಣ್ಣನ ತಾಟಿನ ಪಕ್ಕ ತಾಟಿಟ್ಟುಕೊಂಡು ಉಂಡವನು ನನ್ನ ಗಂಡ. ಅವನಿಗೆ ತುತ್ತು ಇಳಿಯಲಿಲ್ಲ. ಕುತ್ತಿಗೆಯ ಮೂಳೆ ಕಾಣುವ ಹಾಗೆ ಸೊರಗಿದ. ನನ್ನನ್ನು ಬಯ್ಯಲೂ ಇಲ್ಲ. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಒಲೆಯನ್ನು ಒಡೆದುಹಾಕುತ್ತೇನೆ ಎಂದು ಗುದ್ದಲಿ ತೆಗೆದುಕೊಂಡು ಹೊರಟೆ. ಅತ್ತೆ ತಡೆದರು. ಹಾಲು ಉಕ್ಕಿಸಿದ ಒಲೆ ಒಡೆಯುವುದು ಇನ್ನೂ ಕೇಡು, ಅದಕ್ಕಿಂತ ಪಾಲು ಮಾಡಿಕೊಂಡರೇ ಲೇಸು ಎಂದರು. ಗಾಡಿ ಅಂಗಳದಲ್ಲಿ ನಿಂತೇ ಇತ್ತು. ಓಣಿಯ ಕೋಳಿಗಳು ಅದರ ಮೆಟ್ಟಿಲ ಮೇಲೆ ಮಲಗತೊಡಗಿದವು. ನನಗೆ ಮನೆಯೊಳಗೆ ಕೂತರೂ ಕಾಟ, ಹೊರಗೆ ಬಂದು ಅದನ್ನು ನೋಡಿದರೂ ಕಾಟ.

ಹೀಗೆ ಕೆಲವು ವಾರ ಕಳೆದ ಮೇಲೆ ಅತ್ತೆ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಎಲ್ಲರನ್ನೂ ಅಡಿಗೆಮನೆಗೆ ಕರೆದರು. ಭಾವನೂ ಬಂದು ಬಾಗಿಲಲ್ಲಿ ನಿಂತರು. ಅತ್ತೆ ದೊಡ್ಡ ಒಲೆಯಿಂದ ಕೆಂಡಗಳನ್ನು ಚಿಮುಟದಿಂದ ತೆಗೆದು ಒಂದು ಬೋಕಿಯಲ್ಲಿ, ಒಡೆದ ಗಡಿಗೆಯ ಚೂರಿನಲ್ಲಿ, ಹಾಕಿಕೊಂಡರು. ‘ಈ ಬೆಂಕಿ ಒಯ್ದು ಆ ಒಲಿ ಹಚ್ಚಿದ್ರ ಅದು ಬ್ಯಾರೆ ಒಲಿ ಹ್ಯಾಂಗ ಆಗತೈತಿ? ಇದರ ಕೂಸು ಅದು’ ಎಂದರು. ತಾವು ಸೊಸೆಯಾಗಿ ಬಂದಾಗ ರಾಶಿ ಮಾಡಲು ಹೊಲಕ್ಕೆ ಹೋದವರು ಹೀಗೇ ಮನೆಯ ಕೆಂಡ ಒಯ್ಯುತ್ತಿದ್ದರಂತೆ. ತಿಂಗಳುಗಟ್ಟಲೆ ಹೊಲದಲ್ಲಿ ಬೇಯಿಸಿ ಉಂಡರೂ ಯಾರೂ ಬೇರೆಯಾದರು ಎನ್ನುತ್ತಿರಲಿಲ್ಲವಂತೆ. ಆದರೆ ಒಂದು ಕಟ್ಟಳೆ. ಒಯ್ದ ಬೆಂಕಿ ತಿರುಗಿ ಬರುವ ತನಕ ಮನೆಯ ಒಲೆ ಆರಬಾರದು. ಒಬ್ಬ ಸೊಸೆ ಅದನ್ನು ಕಾಯಬೇಕು.

‘ಯಾರು ಉಳೀತೀರಿ?’ ಎಂದು ಕೇಳಿದರು.

ನೆಗೆಣ್ಣಿಗೆ ಗಾಡಿ ಕಂಡರೆ ವಾಂತಿ. ತಿಕೋಟಾ ಮುಟ್ಟುವುದರೊಳಗೆ ಎರಡು ಸಲ ತಲೆ ಹೊರಗೆ ಹಾಕುವವಳು. ಅವಳು ಉಳಿಯಲು ಬಾಯಿ ತೆರೆದಿದ್ದಳು, ನಾನು ನೋಡಿದೆ. ಬಾಗಿಲಲ್ಲಿದ್ದ ಭಾವನ ಮುಖವನ್ನೂ ನೋಡಿದೆ. ನಾನು ಗಾಡಿಯಲ್ಲಿ ಕೂತು ನನ್ನ ಕೈಯಿಂದ ಹೂಡಿದ ಒಲೆಯ ಮೇಲೆ ಬೇಯಿಸಿದರೆ ಅವರು ಎಷ್ಟು ಊರು ಸುತ್ತಿದರೂ ಆ ಮುಖ ಬಿಚ್ಚುತ್ತಿರಲಿಲ್ಲ. ನನ್ನ ಗಂಡ ತನ್ನ ಅಣ್ಣನನ್ನು ಕಳೆದುಕೊಳ್ಳುತ್ತಿದ್ದ.

‘ನಾ ಉಳೀತೇನ್ರಿ ಅತ್ತಿ’ ಎಂದೆ.

ಸಿಟ್ಟಿನಿಂದಲೇ ಅಂದೆ. ತ್ಯಾಗ ಗೀಗ ಎಂದು ಯಾರೂ ತಿಳಿಯಬಾರದು. ಹೊಟ್ಟೆ ಉರಿಯುತ್ತಿತ್ತು. ನನ್ನ ಸಮುದ್ರ, ನನ್ನ ವಿಚಾರ, ನನ್ನ ಒಲೆ, ಹೋಗುವವರು ಮಾತ್ರ ಬೇರೆಯವರು. ಅಂದು ಮಧ್ಯಾಹ್ನ ಭಾವ ತಮ್ಮನ ತಾಟಿನ ಪಕ್ಕ ತಮ್ಮ ತಾಟನ್ನು ತಾವೇ ಎಳೆದುಕೊಂಡು ಕೂತರು. ನನ್ನ ಗಂಡ ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡ. ಬಡಿಸುತ್ತಾ ನನಗೆ ಸಂತೋಷವೂ ಆಯಿತು, ತಾಟು ಎತ್ತಿ ಎಸೆಯಬೇಕೆಂದೂ ಅನಿಸಿತು.

ದೀಪಾವಳಿ ಕಳೆದ ಮೇಲೆ ಅವರು ಹೊರಟರು. ಅಂಗಡಿಯನ್ನು ಗುಮಾಸ್ತನಿಗೆ ಒಪ್ಪಿಸಿದ್ದರು. ಗಾಡಿಯ ಹೊರಗಿನ ಹಲ್ಲಿನ ಮನುಷ್ಯನಿಗೆ ಬಣ್ಣ ಬಳಿದಿದ್ದರೂ ಬಿಸಿಲಿಗೆ ಹಲ್ಲು ಮತ್ತೆ ಕಾಣುತ್ತಿದ್ದವು. ಅತ್ತೆ ಬೋಕಿಯಲ್ಲಿ ಕೆಂಡ ಹಿಡಿದು, ಬೂದಿ ಮುಚ್ಚಿ, ಮೊದಲು ಹತ್ತಿದರು. ಆಮೇಲೆ ನೆಗೆಣ್ಣಿ, ಬಾಯಲ್ಲಿ ನಿಂಬೆಹಣ್ಣಿನ ಹೋಳು ಇಟ್ಟುಕೊಂಡು. ಮಕ್ಕಳು ನನ್ನ ಕಡೆ ತಿರುಗಿ ನೋಡಲಿಲ್ಲ, ಕಿಟಕಿಗಾಗಿ ಬಡಿದಾಡುತ್ತಿದ್ದವು. ಭಾವ ಎಂದೂ ನನ್ನನ್ನು ನೇರವಾಗಿ ಮಾತಾಡಿಸಿದವರಲ್ಲ. ಅಂದು ಹತ್ತುವ ಮುಂಚೆ ಗೋಡೆಯ ಕಡೆ ಮುಖ ಮಾಡಿ, ‘ಉಪ್ಪುನೀರು ಒಂದು ಬಾಟ್ಲಿ ತರ್ತೇವಿ ನಿನಗ’ ಎಂದರು. ಗಾಡಿ ಓಣಿಯ ತಿರುವಿನಲ್ಲಿ ಮರೆಯಾಯಿತು.

ಮೊದಲ ದಿನ ಒಲೆಯ ಮುಂದೆ ಕೂತೆ. ಸೌದೆ ಹಾಕಿದೆ, ಊದಿದೆ, ಬೂದಿ ತೆಗೆದೆ. ಬಡಿಸಲು ಯಾರೂ ಇರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಎಲ್ಲರಿಗಿಂತ ಮುಂಚೆ, ಬಿಸಿ ರೊಟ್ಟಿ ಉಂಡೆ. ರುಚಿ ಹತ್ತಲಿಲ್ಲ. ರಾತ್ರಿ ಜೊತೆಗೆಂದು ಪಕ್ಕದ ಮನೆಯ ಅಜ್ಜಿ ಬಂದು ಮಲಗಿದಳು, ಬೆಳಿಗ್ಗೆ ಎದ್ದುಹೋದಳು. ಎರಡನೇ ದಿನ ಇಡೀ ಮನೆಯನ್ನು ಸಾರಿಸಿದೆ, ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ, ಮಾಳಿಗೆ ಹತ್ತಿ ಇಳಿದೆ. ಅವರು ಎಲ್ಲಿಯ ತನಕ ಹೋಗಿರಬಹುದು, ಗಾಡಿ ಎಲ್ಲಿ ನಿಲ್ಲಿಸಿರಬಹುದು, ಯಾವ ಗಿಡದ ಕೆಳಗೆ ಅನ್ನ ಬೇಯುತ್ತಿರಬಹುದು. ಅಳು ಬರಬೇಕಿತ್ತು, ಬರಲಿಲ್ಲ. ಅಂಗಾಲು ತುರಿಸುತ್ತಿತ್ತು.

ಮೂರನೇ ದಿನ ಬೆಳಿಗ್ಗೆ ಒಲೆಯಲ್ಲಿ ಜಾಲಿಯ ದಪ್ಪ ಕೊರಡು ಇಟ್ಟು, ಅದು ಕೆಂಡವಾದ ಕೂಡಲೇ ಸಗಣಿಯ ಕುಳ್ಳು ಮುಚ್ಚಿ, ಬೂದಿ ಸುರಿದೆ. ಸೀರೆ ಬದಲಿಸಿ, ಬಾಗಿಲಿಗೆ ಕೀಲಿ ಹಾಕಿ, ಗುಡಿಯ ಮುಂದೆ ಹಾಯ್ದು ಬಸ್ ಸ್ಟ್ಯಾಂಡಿಗೆ ನಡೆದೆ. ಎಲ್ಲಿಗೆ ಎಂದು ನಿಶ್ಚಯ ಮಾಡಿರಲಿಲ್ಲ. ಸಂಜೆ ತಿರುಗಿ ಬಂದಾಗ ಬೂದಿಯ ಅಡಿಯಲ್ಲಿ ಬೆಂಕಿ ಇತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಓದುವವರು ಅದೇ ಚಿಂತೆಯಲ್ಲಿ ಇರುವುದು ಬೇಡ. ಹೋಗುವಾಗ ಮಾತ್ರ ಅದು ಉಳಿಯುತ್ತದೋ ಆರುತ್ತದೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಹೋದೆ.

ತವರಿನ ಯೋಚನೆ ಬಂತು. ಆದರೆ ತವರೂ ಒಂದು ಮನೆಯೇ, ಅಲ್ಲೂ ಒಂದು ಒಲೆ. ಹೊರಡಲು ಎಂಜಿನ್ನು ಶುರು ಮಾಡಿದ್ದ ಬಸ್ಸೊಂದು ಕಂಡಿತು. ಓಡಿ ಹತ್ತಿ, ಕಿಟಕಿಯ ಪಕ್ಕ ಕೂತೆ. ಕಂಡಕ್ಟರ್ ಬಂದವನು ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, ಬಾಗಿಲ ಕಡೆ ನೋಡಿದ. ಯಜಮಾನರು ಹಿಂದೆ ಕೂತಿದ್ದಾರೋ, ಇನ್ನೂ ಹತ್ತಬೇಕೋ ಎಂದು ಕೇಳಿದ. ಯಾರೂ ಇಲ್ಲ ಎಂದೆ. ಈ ಬಸ್ಸು ಎಲ್ಲಿಯ ತನಕ ಹೋಗುತ್ತದೆ ಎಂದು ನಾನೇ ಕೇಳಿದೆ. ಜಮಖಂಡಿ ತನಕ ಎಂದ.

‘ಎಷ್ಟ ಮಂದಿ ಅದೀರಿ?’ ಎಂದ, ಮತ್ತೆ ಬಾಗಿಲ ಕಡೆ ನೋಡುತ್ತಾ.

‘ಒಂದ ಕೊಡ್ರಿ’ ಎಂದೆ.

ಅವನು ಟಿಕೀಟು ಹರಿದು ಕೊಟ್ಟ. ಬಸ್ಸು ಹೊರಟಿತು. ತೊಡೆಯ ಮೇಲೆ ಕೂಸಿರಲಿಲ್ಲ, ಬುತ್ತಿಯ ಗಂಟು ಇರಲಿಲ್ಲ, ಹಿಡಿದುಕೊಳ್ಳಲು ಯಾರ ಕೈಯೂ ಇರಲಿಲ್ಲ. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ಬಬಲೇಶ್ವರ ದಾಟುವ ತನಕ ನನಗೆ ತಿಳಿಯಲಿಲ್ಲ.